ಸ್ಪ್ಯಾನರ್ ತಿರುಗುವ ಜಾಗ

ಆ ಮನೆಯ ಚಿಕ್ಕ ಮಗಳಿಗೆ ಯಾಕಮ್ಮ ಎಂದು ಹೆಸರಿಟ್ಟವಳು ಅಜ್ಜಿ. ಮೂರು ವರ್ಷದ ಮಗುವಾಗಿದ್ದಾಗ ಅದು ಒಂದೇ ಬೆಳಗ್ಗೆ ನಲವತ್ತು ಸಲ "ಯಾಕೆ?" ಎಂದು ಕೇಳಿತ್ತಂತೆ, ನಲವತ್ತೊಂದನೆಯ ಸಲಕ್ಕೆ ಅಜ್ಜಿ ಕೈಮುಗಿದು, "ಸಾಕು ಕಣೇ ಯಾಕಮ್ಮ, ನನ್ನ ತಲೇಲಿ ಇದ್ದಿದ್ದೇ ಇಷ್ಟು" ಎಂದಳಂತೆ. ಶಾಲೆಯ ದಾಖಲೆಯಲ್ಲಿ ಬೇರೊಂದು ಹೆಸರಿತ್ತು. ಅದನ್ನು ಹಾಜರಿ ಕರೆಯುವವರು ಮಾತ್ರ ಬಳಸುತ್ತಿದ್ದರು.

ಈಗ ಅವಳಿಗೆ ಹದಿನೇಳು. ಪರೀಕ್ಷೆ ಮುಗಿದಿತ್ತು, ಅಂಕಗಳೂ ಬಂದಿದ್ದವು. ಮುಂದೇನು ಎಂಬ ಮಾತು ಊಟದ ಮೇಜಿನ ನಡುವೆ ಉಪ್ಪಿನ ಡಬ್ಬಿಯ ಪಕ್ಕದಲ್ಲೇ ಬಂದು ಕೂತಿತ್ತು.

"ಅದರಲ್ಲಿ ಯೋಚನೆ ಮಾಡೋದೇನಿದೆ? ಇಂಜಿನಿಯರಿಂಗ್" ಎಂದ ಅಪ್ಪ, ಅನ್ನಕ್ಕೆ ಬೇಳೆಸಾರು ಸುರಿದುಕೊಳ್ಳುತ್ತ. "ಅಕ್ಕನ ಹಾಗೆ. ನಾಲ್ಕು ವರ್ಷ ಕಣ್ಣುಮುಚ್ಚಿ ಓದಿದ್ರೆ ಆಯ್ತು."

"ಇಂಜಿನಿಯರಿಂಗ್ ಅಂದ್ರೆ ಬೆಳಗ್ಗೆಯಿಂದ ಸಂಜೆವರೆಗೆ ಏನು ಮಾಡೋದಪ್ಪ?"

"ಸಹಿ ಹಾಕೋದು."

"ಕಂಪ್ಯೂಟರಲ್ಲಿ ಗೆರೆ ಎಳೆಯೋದು" ಎಂದಳು ಅಕ್ಕ. "ಆಮೇಲೆ ಆ ಗೆರೆ ಯಾಕೆ ಅಲ್ಲೇ ಎಳೆದೆ ಅಂತ ಮೀಟಿಂಗಲ್ಲಿ ಹೇಳೋದು."

"ಟೀ ಕುಡಿಯೋದು" ಎಂದಳು ಅಜ್ಜಿ. "ಇವಳು ಮನೆಗೆ ಬಂದಾಗ ಹಸಿವೇ ಇರಲ್ಲ, ನೋಡ್ತಾನೇ ಇದ್ದೀನಿ."

ಯಾಕಮ್ಮನಿಗೆ ಮೂರು ಉತ್ತರಗಳೂ ಸಾಲಲಿಲ್ಲ. ಅಪ್ಪ ಮತ್ತು ಅಕ್ಕ ಒಂದೇ ಪಂಪು ಕಾರ್ಖಾನೆಗೆ ಹೋಗುತ್ತಿದ್ದರು. ಬೆಳಗ್ಗೆ ಒಂದೇ ಗೇಟಿನಲ್ಲಿ ಒಳಹೊಕ್ಕು, ಅಕ್ಕ ಎಡಗಡೆಯ ಮೆಟ್ಟಿಲು ಹತ್ತಿ ಗಾಜಿನ ಕೋಣೆಗೆ ಹೋದರೆ ಅಪ್ಪ ಬಲಗಡೆಯ ಶೆಡ್ಡಿಗೆ ಹೋಗುತ್ತಿದ್ದ. ಅಕ್ಕ ಡಿಗ್ರಿ ಮುಗಿಸಿ ಎರಡು ವರ್ಷವಾದ ಡಿಸೈನ್ ಇಂಜಿನಿಯರ್. ಅಪ್ಪ ಹದಿನಾರನೆಯ ವಯಸ್ಸಿಗೇ ಕೆಲಸ ಕಲಿಯಲು ಸೇರಿ, ಇಪ್ಪತ್ತೆಂಟು ವರ್ಷದಿಂದ ಪಂಪುಗಳನ್ನು ಜೋಡಿಸುತ್ತಿರುವ ಫಿಟ್ಟರ್. ಸಂಜೆ ಒಬ್ಬರ ಕೈಯಲ್ಲಿ ಪೆನ್ನಿನ ಕಲೆ, ಇನ್ನೊಬ್ಬರ ಕೈಯಲ್ಲಿ ಗ್ರೀಸು. ಸೋಪು ಮಾತ್ರ ಒಂದೇ.

ರಜೆಯಲ್ಲಿ ಮನೆಯಲ್ಲಿ ಕೂತು ಎಲ್ಲರ ತಲೆ ತಿನ್ನುವುದಕ್ಕಿಂತ ತನ್ನ ಜೊತೆ ಬಂದು ಬೆಡ್‌ಶೀಟ್ ಮಡಚಲಿ ಎಂದು ಅಮ್ಮ ಅವಳನ್ನು ಕರೆದುಕೊಂಡು ಹೋಗತೊಡಗಿದಳು. ಅಮ್ಮ ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ನೆಲಮಾಳಿಗೆಯಲ್ಲಿ ಆಳೆತ್ತರದ ಮೂರು ಯಂತ್ರಗಳು. ಅವುಗಳಿಗೆ ಬಿಸಿನೀರು ತಳ್ಳುವ ಒಂದು ಪಂಪು. ಎರಡನೆಯ ವಾರದ ಮಂಗಳವಾರ ಆ ಪಂಪಿನ ಬುಡದಿಂದ ನೀರು ಸೋರಿ ನೆಲವೆಲ್ಲ ಹಬೆಯಾಡಿತು. ಅಮ್ಮ ಸ್ವಿಚ್ಚು ಆರಿಸಿ, ಫೋನು ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು.

ರಿಪೇರಿಗೆ ಬಂದದ್ದು ಒಬ್ಬ ಹೆಂಗಸು. ಮೂವತ್ತರ ಆಸುಪಾಸು, ಹೆಗಲಿಗೆ ಉಪಕರಣಗಳ ಚೀಲ, ಕಿವಿಯ ಹಿಂದೆ ಒಂದು ಪೆನ್ಸಿಲ್ಲು. ಪಂಪಿನ ಮುಂದೆ ಮಂಡಿಯೂರಿ, ಮೊದಲು ಏನನ್ನೂ ಮುಟ್ಟದೆ ಎರಡು ನಿಮಿಷ ಬರೀ ನೋಡಿದಳು. ಯಾಕಮ್ಮನಿಗೆ ಅದೇ ಹಿಡಿಸಿಬಿಟ್ಟಿತು.

"ಏನು ನೋಡ್ತಿದ್ದೀರಿ?"

"ಎಲ್ಲಿಂದ ಅಳ್ತಿದೆ ಅಂತ." ಟಾರ್ಚು ಹಿಡಿದು ತೋರಿಸಿದಳು. "ನೋಡು, ಪಂಪಿನ ಈ ತಿರುಗೋ ದಂಡ ಹೊರಗೆ ಬರೋ ಕಡೆ ಎರಡು ನಟ್ಟು ಇವೆ. ಸ್ವಲ್ಪ ಬಿಗಿ ಮಾಡಿದ್ರೆ ಸೋರೋದು ನಿಲ್ಲುತ್ತೆ. ಐದು ನಿಮಿಷದ ಕೆಲಸ."

ಐದು ನಿಮಿಷ ಅರ್ಧ ಗಂಟೆಯಾಯಿತು. ಸ್ಪ್ಯಾನರ್ ನಟ್ಟಿನ ಮೇಲೆ ಕೂರುತ್ತಿತ್ತು. ತಿರುಗಿಸಲು ಹೊರಟರೆ ಪಕ್ಕದ ಕಬ್ಬಿಣದ ಗೋಡೆಗೆ ಬಡಿಯುತ್ತಿತ್ತು. ಅವಳು ಎಡಗೈಯಲ್ಲಿ ನೋಡಿದಳು, ಮಲಗಿ ನೋಡಿದಳು, ಚಿಕ್ಕ ಸ್ಪ್ಯಾನರ್ ಹಾಕಿ ನೋಡಿದಳು. ಕೊನೆಗೆ ಬೆರಳಿನ ಗೆಣ್ಣು ಸುಲಿದುಕೊಂಡು ಎದ್ದು ಕೂತಳು.

"ಮೋಟರನ್ನೇ ಬಿಚ್ಚಿ ಈಚೆ ಎಳೀಬೇಕು ಮೇಡಂ. ಮಧ್ಯಾಹ್ನದವರೆಗೆ ಯಂತ್ರ ಇಲ್ಲ ಅಂದ್ಕೊಳ್ಳಿ."

"ಅಯ್ಯೋ, ಆಪರೇಷನ್ ಕೋಣೆಯವರು ಈಗಲೇ ಎರಡು ಸಲ ಫೋನ್ ಮಾಡಿದ್ದಾರೆ ಕಣಮ್ಮಾ" ಎಂದಳು ಅಮ್ಮ. "ಎರಡು ನಟ್ಟು ತಿರುಗಿಸೋಕೆ ಇಡೀ ಪಂಪು ಕಳಚೋದಾ?"

"ಇದರ ಡ್ರಾಯಿಂಗ್ ಬರೆದ ಪುಣ್ಯಾತ್ಮರು ಜೀವಮಾನದಲ್ಲಿ ಸ್ಪ್ಯಾನರ್ ಹಿಡಿದಿಲ್ಲ, ಅದಕ್ಕೆ." ರಿಪೇರಿಯಾಕೆ ಬೆರಳನ್ನು ಬಾಯಲ್ಲಿಟ್ಟುಕೊಂಡು ನಕ್ಕಳು. "ನಂಗೆ ಅರ್ಥ ಆಗದೆ ಇರೋದು ಇನ್ನೊಂದು. ಕಾರ್ಖಾನೇಲಿ ಇದನ್ನ ಹೇಗೆ ಬಿಗಿ ಮಾಡಿದ್ರು ಅಂತ."

ಪಂಪಿನ ಮೇಲಿನ ಚಿಕ್ಕ ತಗಡಿನಲ್ಲಿ ಒಂದು ನಂಬರಿತ್ತು. ಏಳು ತಿಂಗಳ ಹಿಂದೆ ಅಕ್ಕ ಅದೇ ನಂಬರನ್ನು ಹೇಳಿಕೊಂಡು ಮನೆ ತುಂಬ ಓಡಾಡಿದ್ದಳು. ಅವಳೇ ಪೂರ್ತಿಯಾಗಿ ಬರೆದ ಮೊದಲ ಪಂಪು. ಅಜ್ಜಿ ಆ ದಿನ ಎಲ್ಲರಿಗೂ ಐಸ್‌ಕ್ರೀಂ ತರಿಸಿದ್ದಳು. ಯಾಕಮ್ಮ ತಗಡನ್ನು ಓದಿದಳು, ಮತ್ತೊಮ್ಮೆ ಓದಿದಳು, ಏನೂ ಹೇಳದೆ ಟಾರ್ಚು ಹಿಡಿದು ನಿಂತಳು.

ಮೋಟರು ಕಳಚುವಷ್ಟು ಹೊತ್ತು ಅವಳು ಕೇಳಿದ್ದೇ ಕೇಳಿದ್ದು. ಏನು ಓದಿದಿರಿ? ಡಿಪ್ಲೊಮಾ, ಬಸ್ ಡಿಪೋ ಪಕ್ಕದ ಪಾಲಿಟೆಕ್ನಿಕ್ಕಲ್ಲಿ, ಮೂರು ವರ್ಷ. ವಾರಕ್ಕೆ ಮೂರು ದಿನ ಪಾಠ, ಮೂರು ದಿನ ಯಾವುದಾದರೂ ಕಾರ್ಖಾನೆ. ಇಂಜಿನಿಯರಾ ನೀವು? ಅಲ್ಲ, ಟೆಕ್ನಿಷಿಯನ್. ಇಂಜಿನಿಯರ್ ಆಗಬೇಕು ಅಂತ ಇರಲಿಲ್ಲವಾ?

"ಇತ್ತು, ಈಗಲೂ ಇದೆ ಒಂದೊಂದು ದಿನ" ಎಂದಳು ಅವಳು ಬೋಲ್ಟನ್ನು ಬಾಯಲ್ಲಿ ಕಚ್ಚಿಕೊಂಡೇ. "ಇವತ್ತಿನಂಥ ದಿನ ಜಾಸ್ತಿ. ಡ್ರಾಯಿಂಗ್ ಬರೆಯೋ ಕಡೆ ಹೋಗಿ ಆ ಗೋಡೇನ ಎರಡು ಬೆರಳು ಆಚೆ ಸರಿಸೋಣ ಅನ್ನಿಸುತ್ತೆ."

ಆ ಸಂಜೆ ಊಟಕ್ಕೆ ಆಲೂಗಡ್ಡೆ, ಬೇಯಿಸಿದ ಮೊಟ್ಟೆ. ಅಮ್ಮ ಒದ್ದೆ ಶೀಟುಗಳ ಕಥೆ ಹೇಳಿ ಮುಗಿಸಿದ್ದಳು, ಯಾವ ಪಂಪು ಎಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಯಾಕಮ್ಮನಿಗೆ ಯಾರ ಮೇಲೂ ದೂರು ಹೇಳುವ ಮನಸ್ಸಿರಲಿಲ್ಲ. ಅವಳ ತಲೆಯಲ್ಲಿ ಮಧ್ಯಾಹ್ನದಿಂದ ಕೊರೆಯುತ್ತಿದ್ದುದು ರಿಪೇರಿಯಾಕೆಯ ಪ್ರಶ್ನೆಯೊಂದೇ. ಅದನ್ನೇ ಕೇಳಿಬಿಟ್ಟಳು.

"ಅಪ್ಪ, ಅಕ್ಕನ ಹೊಸ ಪಂಪಲ್ಲಿ ದಂಡದ ಹತ್ರ ಎರಡು ನಟ್ಟು ಇದೆಯಲ್ಲ, ಅದನ್ನ ನೀವು ಶೆಡ್ಡಲ್ಲಿ ಹೇಗೆ ಬಿಗಿ ಮಾಡಿದ್ರಿ? ಸ್ಪ್ಯಾನರ್ ತಿರುಗೋದೇ ಇಲ್ಲ."

ಅಪ್ಪ ಮೊಟ್ಟೆಯ ಸಿಪ್ಪೆ ಬಿಡಿಸುವುದನ್ನು ನಿಲ್ಲಿಸಿದ.

"ತಿರುಗದೇ ಏನು? ಚೆನ್ನಾಗಿ ತಿರುಗುತ್ತೆ" ಎಂದಳು ಅಕ್ಕ. "ನಲವತ್ತು ಪಂಪು ಹೋಗಿವೆ. ಒಂದೇ ಒಂದು ಕಂಪ್ಲೇಂಟ್ ಇಲ್ಲ."

"ಇವತ್ತು ನೆಲದ ಮೇಲೆ ಮಲಗಿ ನೋಡಿದ್ರೂ ತಿರುಗಲಿಲ್ಲ ಅಕ್ಕ."

"ಅಪ್ಪ?" ಎಂದಳು ಅಕ್ಕ, ಅವನ ಕಡೆ ತಿರುಗಿ.

"ತಿನ್ನು ಮೊದಲು. ಆರುತ್ತೆ."

"ಅಪ್ಪ, ಹೇಗೆ ಬಿಗಿ ಮಾಡಿದ್ರಿ?" ಎಂದು ಅಕ್ಕ ಮತ್ತೆ ಕೇಳಿದಳು.

ಅಪ್ಪ ಎದ್ದು ಬಾಗಿಲ ಹಿಂದೆ ನೇತುಹಾಕಿದ್ದ ಚೀಲದಿಂದ ಒಂದು ಸ್ಪ್ಯಾನರ್ ತಂದು ಮೇಜಿನ ಮೇಲಿಟ್ಟ. ಅದರ ಹಿಡಿಯನ್ನು ಅರ್ಧಕ್ಕೆ ಕತ್ತರಿಸಲಾಗಿತ್ತು; ಕಾಯಿಸಿ, ಬಡಿದು, ಕುತ್ತಿಗೆಯನ್ನು ಬಾತುಕೋಳಿಯ ಹಾಗೆ ಬಗ್ಗಿಸಲಾಗಿತ್ತು.

"ಇಂಥವು ಮೂರು ಮಾಡಿದ್ದೀನಿ" ಎಂದ. "ಒಂದು ನಂಗೆ, ಎರಡು ಜೊತೆಯವರಿಗೆ."

ಅಕ್ಕ ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು. ಮುಖ ಕೆಂಪಾಗಿ, ಆಮೇಲೆ ಬಿಳಿಚಿತು. "ನೀನು ಕೆಂಪು ಚೀಟಿ ಕಳಿಸ್ಲಿಲ್ಲ."

ಕೆಂಪು ಚೀಟಿ ಆ ಕಾರ್ಖಾನೆಯ ಪದ್ಧತಿ. ಡ್ರಾಯಿಂಗಿನಲ್ಲಿ ಇರುವಂತೆ ಜೋಡಿಸಲಾಗದಿದ್ದರೆ ಶೆಡ್ಡಿನವರು ಕೆಂಪು ಕಾಗದದಲ್ಲಿ ಎರಡು ಸಾಲು ಬರೆದು ಮೇಲಕ್ಕೆ ಕಳಿಸುತ್ತಾರೆ. ಸೋಮವಾರ ಬೆಳಗ್ಗೆ ಡಿಸೈನ್ ಕೋಣೆಯಲ್ಲಿ ಎಲ್ಲರ ಮುಂದೆ ಅವನ್ನು ಗಟ್ಟಿಯಾಗಿ ಓದುತ್ತಾರೆ. ಅಪ್ಪ ತನ್ನ ಕೆಂಪು ಚೀಟಿಗಳ ಬಗ್ಗೆ ಇದೇ ಮೇಜಿನಲ್ಲಿ ಎಷ್ಟೋ ಸಲ ಜಂಬ ಕೊಚ್ಚಿಕೊಂಡಿದ್ದ. ಒಬ್ಬ ಮುಖ್ಯ ಇಂಜಿನಿಯರಿಗೆ ಒಂದೇ ವಾರದಲ್ಲಿ ಆರು ಕಳಿಸಿದ್ದನಂತೆ.

"ನಿನ್ನ ಮೊದಲನೇ ಡ್ರಾಯಿಂಗ್ ಅದು" ಎಂದ ಅಪ್ಪ. "ಸೇರಿ ಒಂದೂವರೆ ವರ್ಷ ಆಗಿತ್ತು ಅಷ್ಟೆ. ಎಲ್ಲರ ಮುಂದೆ ಓದ್ತಾರಲ್ಲಮ್ಮ... ಅದೂ ಅಪ್ಪನ ಕೈಬರಹ."

"ಓದ್ಲಿ! ಓದಿದ್ರೆ ಒಂದು ಪಂಪಲ್ಲಿ ಮುಗೀತಿತ್ತು. ಈಗ ನಲವತ್ತು! ನಂಗೆ ಏನೂ ಬರಲ್ಲ ಅಂತ ತೀರ್ಮಾನ ಮಾಡ್ಕೊಂಡು ಮುಚ್ಚಿಟ್ಯಾ?"

"ಮುಚ್ಚಿಡೋದು ಎಲ್ಲಿ ಬಂತು? ಕೆಲಸ ನಡೀಲಿ ಅಂತ..."

"ಯಾರ ಕೆಲಸ? ಇಡೀ ಶೆಡ್ಡಿಗೆ ಗೊತ್ತಿದೆ, ನಂಗೊಬ್ಬಳಿಗೇ ಗೊತ್ತಿಲ್ಲ. ಕ್ಯಾಂಟೀನಲ್ಲಿ ನನ್ನ ನೋಡಿ ನಗ್ತಿದ್ರಲ್ಲ, ಇದಕ್ಕೇನಾ?"

"ರೀ" ಎಂದಳು ಅಮ್ಮ ನಿಧಾನವಾಗಿ. "ಅಂದ್ರೆ ಇವತ್ತು ನಾನು ಆಪರೇಷನ್ ಕೋಣೆಯವರ ಹತ್ರ ಬೈಸಿಕೊಂಡಿದ್ದು ನಿಮ್ಮಿಬ್ಬರಿಂದಲಾ?"

ಅಜ್ಜಿ ಬಗ್ಗಿದ ಸ್ಪ್ಯಾನರನ್ನು ತನ್ನ ತಟ್ಟೆಯಿಂದ ದೂರ ತಳ್ಳಿದಳು. "ಊಟದ ಮೇಜಿನ ಮೇಲೆ ಇದನ್ನೆಲ್ಲ ಇಡಬೇಡ್ರೋ." ಆಮೇಲೆ ಮೊಮ್ಮಗಳ ಕಡೆ ತಿರುಗಿ, "ನಿಂಗೆ ಇವತ್ತೊಂದು ದಿನ ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತೇ?" ಎಂದಳು.

ಯಾಕಮ್ಮ ತಟ್ಟೆ ನೋಡುತ್ತ ಕೂತಳು. ಆದರೂ ನಾಚಿಕೆಯ ಜೊತೆ ಜೊತೆಗೇ ಇನ್ನೊಂದು ಯೋಚನೆ ಅವಳನ್ನು ಬಿಡಲಿಲ್ಲ. ಅಪ್ಪನ ಕೈಗೆ ಗೊತ್ತಿತ್ತು, ಅಕ್ಕನ ಗೆರೆಗೆ ಗೊತ್ತಿರಲಿಲ್ಲ, ರಿಪೇರಿಯಾಕೆಯ ಗೆಣ್ಣಿಗೆ ಕೊನೆಗೆ ಗೊತ್ತಾಯಿತು. ಮೂವರೂ ಮುಟ್ಟಿದ್ದು ಅವೇ ಎರಡು ನಟ್ಟುಗಳನ್ನು.

ಮರುದಿನದಿಂದ ಅಕ್ಕ ಅಪ್ಪನ ಜೊತೆ ಮಾತು ಬಿಟ್ಟಳು. ಬೆಳಗ್ಗೆ ಹತ್ತು ನಿಮಿಷ ಮುಂಚೆಯೇ ಹೊರಡುವಳು. ಮನೆಯಲ್ಲಿ ಎಲ್ಲವೂ ಅಜ್ಜಿಯ ಮೂಲಕ ನಡೆಯಿತು.

"ಅಜ್ಜಿ, ಸೋಪು ಖಾಲಿ ಮಾಡಿದವರು ಹೊಸದು ಇಡ್ಬೇಕು ಅಂತ ಹೇಳು."

"ಲೋ, ಸೋಪು ಇಡ್ಬೇಕಂತೆ."

"ಅವಳ ಬಟ್ಟೆ ಹಗ್ಗದ ಮೇಲೆ ಎರಡು ದಿನದಿಂದ ಒಣಗ್ತಿದೆ ಅಂತ ಹೇಳಮ್ಮ."

"ನಾನೇನು ನಿಮ್ಮ ಕಾರ್ಖಾನೆಯ ಮೆಟ್ಟಿಲಾ? ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ?" ಎಂದು ಅಜ್ಜಿ ಮೂರನೆಯ ದಿನ ರೇಗಿದಳು. "ನೀವೇ ಹತ್ತಿ, ನೀವೇ ಇಳೀರಿ."

ಭಾನುವಾರ ಬೆಳಗ್ಗೆ ಅಪ್ಪ ಮೇಜಿನ ಮುಂದೆ ಕೂತು, ಒಂದು ಕೆಂಪು ಕಾಗದವನ್ನು ಎದುರಿಗಿಟ್ಟುಕೊಂಡು, ಪೆನ್ನಿನ ತುದಿ ಕಚ್ಚುತ್ತಿದ್ದ. ಅಕ್ಕ ಬಟ್ಟೆ ಇಸ್ತ್ರಿ ಮಾಡುತ್ತ ಅತ್ತ ನೋಡಿಯೂ ನೋಡದ ಹಾಗಿದ್ದಳು. ಎರಡು ಸಾಲು ಬರೆಯಲು ಅವನಿಗೆ ಅರ್ಧ ಗಂಟೆ ಹಿಡಿಯಿತು. ಬರೆದು, ಯಾರಿಗೂ ಕೊಡದೆ, ಗಾಳಿಗೆ ಗಟ್ಟಿಯಾಗಿ ಓದಿದ: "ನಟ್ಟಿಗೂ ಬ್ರಾಕೆಟ್ಟಿನ ಗೋಡೆಗೂ ನಡುವೆ ಸ್ಪ್ಯಾನರ್ ತಿರುಗಲು ಜಾಗ ಇಲ್ಲ. ಏಳು ತಿಂಗಳ ಹಿಂದೆಯೇ ತಿಳಿಸಬೇಕಿತ್ತು, ತಿಳಿಸಲಿಲ್ಲ."

"ಎರಡನೇ ಸಾಲು ಬೇಕಿಲ್ಲ" ಎಂದಳು ಅಕ್ಕ ಇಸ್ತ್ರಿಪೆಟ್ಟಿಗೆಯ ಕಡೆ ನೋಡುತ್ತ. ಐದು ದಿನಗಳಲ್ಲಿ ಅವನಿಗೆ ನೇರವಾಗಿ ಹೇಳಿದ ಮೊದಲ ಮಾತು.

"ಇರ್ಲಿ" ಎಂದ ಅಪ್ಪ.

ಸೋಮವಾರ ಅದನ್ನು ಓದಿದರು. ಓದಿದವರು ಕೈಬರಹ ಗುರುತು ಹಿಡಿದು ಒಂದು ಕ್ಷಣ ತಡೆದರಂತೆ. ಆಮೇಲೆ ಎರಡೂ ಸಾಲು ಪೂರ್ತಿ ಓದಿದರಂತೆ. ಅಪ್ಪನಿಗೆ ಎಚ್ಚರಿಕೆಯ ಪತ್ರ ಬಂತು. ಅಕ್ಕನಿಗೆ ಎರಡು ವಾರ ಶೆಡ್ಡಿನಲ್ಲೇ ಕೂತು, ತಾನು ಬರೆದ ಪಂಪನ್ನು ತಾನೇ ಜೋಡಿಸಬೇಕೆಂಬ ಆಜ್ಞೆ. ಮೊದಲ ದಿನ ಅವಳು ಮನೆಗೆ ಬಂದು ಕೈ ಚಾಚಿದಾಗ ಉಗುರುಗಳೆಲ್ಲ ಕಪ್ಪು.

"ನೋಡ್ರಪ್ಪ, ಇಂಜಿನಿಯರಮ್ಮ ಕೆಳಗಿಳಿದು ಬಂದಳು" ಎಂದಳು ಅಜ್ಜಿ. "ಇವತ್ತಾದ್ರೂ ಹಸಿವಾಗಿದೆಯಾ?"

"ಸಾಯೋಷ್ಟು."

ಅವಳು ಮೂರು ಸಲ ಅನ್ನ ಹಾಕಿಸಿಕೊಂಡಳು. ಯಾಕಮ್ಮ ಪಕ್ಕದಲ್ಲೇ ಕೂತು ಬಿಡಿಸಿ ಬಿಡಿಸಿ ಕೇಳಿದಳು. ಮೇಲೆ ಕೂತವರಿಗೆ ಇದು ಯಾಕೆ ಕಾಣಲ್ಲ?

"ಸ್ಕ್ರೀನಲ್ಲಿ ನಟ್ಟು ಸರಿಯಾಗಿ ಕೂತಿತ್ತು ಕಣೇ. ಎಲ್ಲ ಕೂತಿತ್ತು. ಸ್ಕ್ರೀನಲ್ಲಿ ಕೈ ಇರಲ್ಲ ನೋಡು." ಅಕ್ಕ ನೀರು ಕುಡಿದಳು. "ನಿಜ ಹೇಳ್ಬೇಕಂದ್ರೆ ನನ್ನ ಗೆರೆ ನೇರ ಅಪ್ಪನ ಹತ್ರ ಬರಲೇಬಾರದಿತ್ತು. ನಡುವೆ ಒಬ್ಬರು ಇರ್ಬೇಕು. ಈ ಭಾಗನ ಯಾವ ಕ್ರಮದಲ್ಲಿ ಜೋಡಿಸೋದು, ಯಾವ ಸ್ಪ್ಯಾನರ್ ಬೇಕು, ಆಮೇಲೆ ರಿಪೇರಿಯವರು ಹೇಗೆ ಬಿಚ್ತಾರೆ ಅಂತ ನೋಡಿ, ಆಗಲ್ಲ ಅಂದ್ರೆ ನಂಗೆ ವಾಪಸ್ ಕೊಡೋರು. ಆ ಜಾಗದಲ್ಲಿದ್ದವರು ರಿಟೈರ್ ಆಗಿ ಒಂದು ವರ್ಷ ಆಯ್ತು. ಯಾರೂ ಸಿಕ್ಕಿಲ್ಲ."

"ಯಾಕೆ ಸಿಕ್ಕಿಲ್ಲ?"

"ಶೆಡ್ಡು ಗೊತ್ತಿದ್ದವರಿಗೆ ಲೆಕ್ಕಾಚಾರ ಬರಲ್ಲ. ಲೆಕ್ಕಾಚಾರ ಬರೋರು ಶೆಡ್ಡಿಗೆ ಇಳಿಯಲ್ಲ."

"ಆ ಕೆಲಸಕ್ಕೆ ಏನು ಓದ್ಬೇಕು?"

ಅಕ್ಕ ಅಪ್ಪನ ಕಡೆ ಒಮ್ಮೆ ನೋಡಿದಳು. "ಎರಡು ದಾರಿ ಇದೆ. ಡಿಗ್ರಿ ಮಾಡಿ, ಆಮೇಲೆ ಕೆಳಗಿಳಿದು ಬೈಸಿಕೊಂಡು ಕಲಿಯೋದು, ನಾನೀಗ ಮಾಡ್ತಿರೋ ಹಾಗೆ. ಇಲ್ಲಾ ಮೊದಲು ಡಿಪ್ಲೊಮಾ. ಮುಗಿದ ಮೇಲೆ ಡಿಗ್ರಿಯ ಎರಡನೇ ವರ್ಷಕ್ಕೇ ನೇರ ಸೇರಿಸ್ಕೋತಾರೆ, ಅಂಕ ಚೆನ್ನಾಗಿದ್ರೆ."

"ಹಿಂಬಾಗಿಲಲ್ಲಿ?" ಎಂದಳು ಅಜ್ಜಿ ಕುತೂಹಲದಿಂದ.

"ಪಕ್ಕದ ಬಾಗಿಲು ಅಜ್ಜಿ. ಅಲ್ಲೂ ಟಿಕೆಟ್ ಕೇಳ್ತಾರೆ."

ಅಪ್ಪ ತಟ್ಟೆ ಎತ್ತಿಕೊಂಡು ಎದ್ದ. "ಎರಡು ದಾರಿ ಇಲ್ಲ" ಎಂದ. "ಒಂದೇ ಇದೆ. ಡಿಗ್ರಿ."

ಅದೇ ವಾರ ಅಮ್ಮನ ಜೊತೆ ಹೋಗಿ ಯಾಕಮ್ಮ ಪಾಲಿಟೆಕ್ನಿಕ್ ನೋಡಿ, ಅರ್ಜಿ ಹಾಕಿ ಬಂದಳು. ಉದ್ದನೆಯ ಹಜಾರ, ಕಬ್ಬಿಣ ಕಡೆಯುವ ಲೇಥುಗಳ ಸಾಲು ಸಾಲು, ಕತ್ತರಿಸಿ ಒಳಗು ತೋರಿಸುವ ಹಳೆಯ ಇಂಜಿನ್ನು. ಪ್ರವೇಶದ ಸಂದರ್ಶನದಲ್ಲಿ ಒಬ್ಬ ಮೇಷ್ಟರು ಅವಳ ಕೈಗೆ ಒಂದು ಮುರಿದ ಹಲ್ಲುಚಕ್ರ ಕೊಟ್ಟು, "ಏನನ್ನಿಸುತ್ತೆ?" ಎಂದು ಕೇಳಿದರು. ಅವಳು ಅದನ್ನು ತಿರುಗಿಸಿ ನೋಡಿ, ಇದು ಒಂದೇ ಏಟಿಗೆ ಮುರಿಯಿತಾ, ನಿಧಾನವಾಗಿ ಸೀಳಿತಾ, ಪಕ್ಕದ ಹಲ್ಲು ಯಾಕೆ ಹೊಳೆಯುತ್ತಿದೆ, ಎಣ್ಣೆ ಯಾರು ಹಾಕುತ್ತಿದ್ದರು ಎಂದು ಹತ್ತು ನಿಮಿಷ ಅವರನ್ನೇ ಕೇಳಿದಳು. ಮೇಷ್ಟರು ಒಂದಕ್ಕೂ ಪೂರ್ತಿ ಉತ್ತರ ಕೊಡದೆ ನಗುತ್ತ ಏನೋ ಬರೆದುಕೊಂಡರು.

ಮುಂದಿನ ವಾರ ಎರಡು ಪತ್ರಗಳು ಒಂದೇ ದಿನ ಬಂದವು. ಅಪ್ಪ ಮೊದಲೇ ಅರ್ಜಿ ಹಾಕಿಸಿದ್ದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಡಿಗ್ರಿ ಸೀಟು ಸಿಕ್ಕಿತ್ತು. ಪಾಲಿಟೆಕ್ನಿಕ್ಕಿನ ಇಪ್ಪತ್ತು ಜಾಗಗಳಲ್ಲೂ ಒಂದು ಸಿಕ್ಕಿತ್ತು. ಎರಡಕ್ಕೂ ಶುಕ್ರವಾರ ಕೊನೆಯ ದಿನ. ಹದಿನೆಂಟು ತುಂಬದವರಿಗೆ ಎರಡರಲ್ಲೂ ಮನೆಯ ಹಿರಿಯರೊಬ್ಬರ ಸಹಿ ಬೇಕಿತ್ತು.

ಅಪ್ಪ ಮೊದಲನೆಯದಕ್ಕೆ ನಿಂತಲ್ಲೇ ಸಹಿ ಹಾಕಿ, ಎರಡನೆಯದನ್ನು ಮಡಚಿ ಉಪ್ಪಿನ ಡಬ್ಬಿಯ ಕೆಳಗಿಟ್ಟ.

"ಅಪ್ಪ, ನಂಗೆ ಎರಡನೇದು ಬೇಕು."

"ಬೇಡ."

"ಯಾಕೆ ಅಂತ ಹೇಳು, ಬೇಡ ಅಂತ ಆಮೇಲೆ ಹೇಳು."

"ನಿನ್ನ ಅಂಕಕ್ಕೆ ಡಿಗ್ರಿ ಸಿಕ್ಕಿದೆ. ಸಿಕ್ಕಿದ್ದು ಬಿಟ್ಟು ಸ್ಪ್ಯಾನರ್ ಹಿಡೀತೀನಿ ಅಂತೀಯ. ನಮ್ಮ ಶೆಡ್ಡಲ್ಲಿ ಯಾರನ್ನ ಬೇಕಾದ್ರೂ ಕೇಳು, ಮಕ್ಕಳಿಗೆ ಇದು ಬೇಡ ಅಂತ ತಾನೇ ಹಗಲೂ ಇರುಳೂ ದುಡೀತಿರೋದು."

"ಅದು ಅಷ್ಟು ಕೆಟ್ಟ ಕೆಲಸ ಆಗಿದ್ರೆ ನೀನು ಕೆಂಪು ಚೀಟಿ ಕಥೆ ಹೇಳುವಾಗ ನಗ್ತಾ ಹೇಳ್ತಿದ್ಯಲ್ಲ?"

ಅಮ್ಮ ಒಲೆಯ ಕಡೆ ತಿರುಗಿ ನಗು ನುಂಗಿಕೊಂಡಳು. ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಅವನ ಬದಲಿಗೆ ಉತ್ತರ ಕೊಟ್ಟವಳು ಅಜ್ಜಿ, ಬುಧವಾರ ಮಧ್ಯಾಹ್ನ, ಯಾಕಮ್ಮನ ಜೊತೆ ಕೂತು ಬಟಾಣಿ ಸುಲಿಯುತ್ತ. "ಅವನೂ ಹೋಗ್ತಿದ್ದ ಕಣೇ, ನಿಮ್ಮಪ್ಪ. ಕೆಲಸಕ್ಕೆ ಸೇರಿದ ಮೇಲೆ ಸಂಜೆ ಕಾಲೇಜಿಗೆ. ಎರಡು ವರ್ಷ. ಕಾರ್ಖಾನೆಯಿಂದ ಬಂದು, ಮುಖ ತೊಳೆದು, ಬಸ್ ಹಿಡಿದು ಹೋಗ್ತಿದ್ದ. ನಿಮ್ಮಕ್ಕ ಹುಟ್ಟಿದಾಗ, ಒಂದು ವರ್ಷ ಬಿಟ್ಟು ಮತ್ತೆ ಹೋಗ್ತೀನಿ ಅಂದ."

"ಆಮೇಲೆ?"

"ಆಮೇಲೇನು? ಕೈಗೆ ಸಂಬಳ ಬರ್ತಿತ್ತು, ಮನೇಲಿ ಕೂಸಿತ್ತು. ಆ ಒಂದು ವರ್ಷ ಇನ್ನೂ ಮುಗಿದಿಲ್ಲ." ಅಜ್ಜಿ ಒಂದು ಬಟಾಣಿ ಬಾಯಿಗೆ ಹಾಕಿಕೊಂಡಳು. "ಅವನಿಗೆ ನಿನ್ನ ಕೈ ಕಪ್ಪಾಗುತ್ತೆ ಅಂತ ಹೆದರಿಕೆ ಇಲ್ಲ. ನಡುದಾರೀಲಿ ನಿಂತುಬಿಡ್ತೀಯ ಅಂತ."

ಯಾಕಮ್ಮ ಇನ್ನೊಂದು ಬಟಾಣಿ ಕಾಯಿ ಎತ್ತಿಕೊಂಡು ಸುಲಿದಳು.

ಗುರುವಾರ ಸಂಜೆ ಅನ್ನ, ಬಟಾಣಿ. ಅಕ್ಕ ಶೆಡ್ಡಿನ ಕೊನೆಯ ದಿನ ಮುಗಿಸಿ ಬಂದಿದ್ದಳು. ಗೋಡೆಯನ್ನು ಹಿಂದಕ್ಕೆ ಸರಿಸಿದ ಹೊಸ ಬ್ರಾಕೆಟ್ಟು ಎರಕದ ಅಚ್ಚಿಗೆ ಹೋಗಿತ್ತು. ಅದರ ಡ್ರಾಯಿಂಗನ್ನು ಅಪ್ಪ ಮೊದಲೇ ನೋಡಿ, ಇನ್ನೂ ಒಂದು ಬೆರಳು ಸರಿಸು ಎಂದಿದ್ದ. ಅಕ್ಕ ಅರ್ಧ ಬೆರಳಿಗಿಂತ ಹೆಚ್ಚು ಸರಿಸಿದರೆ ಗಟ್ಟಿತನ ಸಾಲದು ಎಂದು ಲೆಕ್ಕ ತೋರಿಸಿದ್ದಳು. ಇಬ್ಬರೂ ಅದರ ಮೇಲೆ ಜಗಳವಾಡುತ್ತಲೇ ಮನೆಗೆ ಬಂದರು. ಅಜ್ಜಿಗೆ ಮಾತು ದಾಟಿಸುವ ಕೆಲಸ ತಪ್ಪಿತ್ತು.

ಊಟದ ನಡುವೆ ಅಪ್ಪ ಉಪ್ಪಿನ ಡಬ್ಬಿ ಎತ್ತಿ, ಕೆಳಗಿದ್ದ ಕಾಗದವನ್ನು ತೆಗೆದು ಬಿಡಿಸಿದ.

"ಸರಿ" ಎಂದ. "ಸಹಿ ಹಾಕ್ತೀನಿ. ಆದ್ರೆ ಒಂದು ಮಾತು ಕೊಡು. ಮೂರು ವರ್ಷ ಮುಗಿದ ದಿನವೇ ಡಿಗ್ರಿಗೆ ಸೇರ್ತೀಯ. ಕೆಲಸ ಸಿಗಲಿ, ಸಂಬಳ ಸಿಗಲಿ, ಏನೇ ಆಗಲಿ. ನಿಲ್ಲಿಸಲ್ಲ ಅಂತ ಹೇಳು."

ಅಕ್ಕ ಮೇಜಿನ ಕೆಳಗೆ ಅವಳ ಕಾಲು ತುಳಿದಳು. ಅಮ್ಮ ಕಣ್ಣಲ್ಲೇ ಹೂಂ ಅನ್ನು ಎಂದಳು. ಅಜ್ಜಿ ಬಾಯಿಬಿಟ್ಟೇ ಹೇಳಿದಳು: "ಹೂಂ ಅನ್ನೇ ಹುಡುಗಿ. ಮೂರು ವರ್ಷ ಆದ್ಮೇಲೆ ಯಾರಿಗೆ ನೆನಪಿರುತ್ತೆ? ನಾನಂತೂ ಇರಲ್ಲ ಸಾಕ್ಷಿ ಹೇಳೋಕೆ."

ಯಾಕಮ್ಮನ ಕಿವಿ ಬಿಸಿಯಾಯಿತು. ಒಂದು ಅಕ್ಷರದ ಕೆಲಸ. ಪೆನ್ನು ಅಪ್ಪನ ಕೈಯಲ್ಲಿ ತಯಾರಾಗಿತ್ತು. ಅವಳು ತಟ್ಟೆಯ ಅಂಚನ್ನು ಹಿಡಿದುಕೊಂಡಳು.

"ಆಗಲ್ಲಪ್ಪ" ಎಂದಳು.

"ಏನು ಆಗಲ್ಲ?"

"ಮಾತು ಕೊಡೋಕೆ. ಸೇರಬೇಕು ಅಂತ ಈಗ ಅನ್ನಿಸ್ತಿದೆ. ಆ ನಡುವಿನ ಕೆಲಸ ಮಾಡ್ಬೇಕು ಅಂತ ತುಂಬಾ ಆಸೆ ಇದೆ. ಆದ್ರೆ ಮೂರು ವರ್ಷ ಆದ್ಮೇಲೆ ನಂಗೆ ಏನನ್ನಿಸುತ್ತೋ ನಂಗೇ ಗೊತ್ತಿಲ್ಲ. ರಿಪೇರಿ ಕೆಲಸವೇ ಇಷ್ಟ ಆಗಿಬಿಟ್ರೆ? ನಿನ್ನ ಸಮಾಧಾನಕ್ಕೆ ಹೂಂ ಅನ್ನಬಹುದು. ಆಮೇಲೆ ಆಗದೆ ಇದ್ರೆ ನಿನ್ನ ಹತ್ರ ಮುಚ್ಚಿಡಬೇಕಾಗುತ್ತೆ." ಅವಳ ದನಿ ಸಣ್ಣಗಾಯಿತು. "ಪ್ರೀತಿಗೆ ಅಂತ ಮುಚ್ಚಿಟ್ರೆ ಈ ಮನೇಲಿ ಏನಾಗುತ್ತೆ ಅಂತ ಈ ತಿಂಗಳು ನೋಡಿದ್ವಲ್ಲ."

ಅಕ್ಕ ತುಳಿದಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಅಪ್ಪ ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ.

"ನಾನು ನಿಂತೆ ಅಂತ ನೀನೂ ನಿಲ್ತೀಯ ಅಂತಲ್ಲ" ಎಂದ ಕೊನೆಗೆ, ಅವಳ ಕಡೆ ನೋಡದೆ. "ನಿಲ್ಲೋದು ಗೊತ್ತೇ ಆಗಲ್ಲ ಕಣಮ್ಮ. ಅದಕ್ಕೆ ಹೇಳಿದೆ."

"ನಿಂತ್ರೆ ನಿಂತಿದ್ದೀನಿ ಅಂತ ನಿಂಗೇ ಮೊದಲು ಹೇಳ್ತೀನಿ. ಅಷ್ಟು ಮಾತು ಕೊಡಬಲ್ಲೆ."

ಅಪ್ಪ ಕಾಗದವನ್ನು ತಟ್ಟೆಯಿಂದ ದೂರ ಸರಿಸಿ, ಅಂಗೈಯಿಂದ ಮಡಿಕೆ ನೀವಿ, ಗೆರೆಯ ಮೇಲೆ ನಿಧಾನವಾಗಿ ಸಹಿ ಹಾಕಿದ. ಹಾಕಿ, ಅವಳ ಕೈಗೆ ಕೊಟ್ಟುಬಿಡುತ್ತಾನೆ ಎಂದುಕೊಂಡರೆ, ಕಾಗದವನ್ನು ತಿರುಗಿಸಿದ. ಹಿಂಬದಿಯಲ್ಲಿ ಮೂರು ವರ್ಷದ ಪಾಠಗಳ ಪಟ್ಟಿ ಅಚ್ಚಾಗಿತ್ತು. ಕನ್ನಡಕವನ್ನು ಹಣೆಯಿಂದ ಕೆಳಗೆ ಎಳೆದುಕೊಂಡು ಬೆರಳಿಟ್ಟು ಓದತೊಡಗಿದ. ಮೊದಲ ವರ್ಷ ದಾಟಿತು, ಎರಡನೆಯದು ದಾಟಿತು. ಮೂರನೆಯದರ ನಡುವೆ ಬೆರಳು ನಿಂತಿತು.

"ತಿರುಗುವ ದಂಡಗಳ ಕ್ರಿಟಿಕಲ್ ಸ್ಪೀಡ್" ಎಂದು ಓದಿದ. "ಏನಿದು?"

ಯಾಕಮ್ಮನಿಗೆ ಗೊತ್ತಿರಲಿಲ್ಲ. ಅಕ್ಕ ಚಮಚ ಕೆಳಗಿಟ್ಟಳು. "ದಂಡ ತಿರುಗುವಾಗ ವೇಗ ಏರಿಸ್ತಾ ಹೋದ್ರೆ, ಒಂದು ಕಡೆ ಬಂದಾಗ ಜೋರಾಗಿ ನಡುಗೋಕೆ ಶುರು ಆಗುತ್ತಪ್ಪ. ಆ ವೇಗ ದಾಟಿಬಿಟ್ರೆ..."

"ದಾಟಿಬಿಟ್ರೆ ಸುಮ್ಮನಾಗುತ್ತೆ" ಎಂದ ಅಪ್ಪ. ಅವನ ಬಲಗೈ ತನ್ನಷ್ಟಕ್ಕೆ ಮೇಲೆದ್ದು, ಗಾಳಿಯಲ್ಲಿ ಇಲ್ಲದ ಒಂದು ಪಂಪಿನ ಮೈಮೇಲೆ ಕೂತಿತು. "ಅಲ್ಲಿ ನಿಲ್ಲಿಸಬಾರದು, ನಿಲ್ಲಿಸಿದ್ರೆ ಬೇರಿಂಗ್ ಹೋಯ್ತು. ದಾಟಿಸಿಬಿಡ್ಬೇಕು. ದಾಟಿದ ಮೇಲೆ ಕೈಯಿಟ್ರೆ, ಮಗು ನಿದ್ದೆ ಮಾಡೋ ಹಾಗೆ. ಟೆಸ್ಟ್ ಬೆಂಚಲ್ಲಿ ದಿನಾ ನೋಡ್ತೀನಿ. ಇಪ್ಪತ್ತೆಂಟು ವರ್ಷದಿಂದ." ಅವನು ಮತ್ತೆ ಪಟ್ಟಿಯ ಕಡೆ ಬಗ್ಗಿದ. "ಅದಕ್ಕೊಂದು ಹೆಸರೂ ಇದೆಯಾ?"

"ಇದೆ ಅಪ್ಪ. ಎಷ್ಟು ವೇಗಕ್ಕೆ ನಡುಗುತ್ತೆ ಅಂತ ಮೊದಲೇ ಲೆಕ್ಕ ಹಾಕೋಕೂ ಬರುತ್ತೆ."

"ಮೊದಲೇ? ಓಡಿಸೋಕೆ ಮುಂಚೆ?"

"ಓಡಿಸೋಕೆ ಮುಂಚೆ."

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ. ಕಾಗದವನ್ನು ಯಾಕಮ್ಮನಿಗೆ ಕೊಡಲಿಲ್ಲ. ಇಬ್ಬರಿಗೂ ಕಾಣುವ ಹಾಗೆ ಅವಳ ಕಡೆಗೆ ಕುರ್ಚಿ ಎಳೆದುಕೊಂಡು ಕೂತ.

"ಅನ್ನ ಆರಿಹೋಯ್ತು ಕಣ್ರೀ" ಎಂದಳು ಅಮ್ಮ.

"ಇರೇ ಸ್ವಲ್ಪ" ಎಂದ ಅಪ್ಪ, ಬೆರಳನ್ನು ಮುಂದಿನ ಸಾಲಿಗೆ ಇಳಿಸುತ್ತ. "ಇದು ಏನು ಅಂತ ಕೇಳೋಣ."